ಹಾರ್ಟ್ ಫೇಲ್ಯೂರ್ ರೋಗಿ ಮನೆಗೆ ಬಂದ ಮೇಲೆ ನರ್ಸ್ ಮೊದಲು ಏನು ನೋಡಬೇಕು?

ಪ್ರಶ್ನೆ: ಸ್ಟಾಫ್ ನರ್ಸ್, ದಾವಣಗೆರೆ
ವಾರ್ಡ್ ಕೆಲಸ ಗೊತ್ತು, ಮನೆ ಭೇಟಿ ಹೊಸದು. ರೋಗಿಗೆ 68 ವರ್ಷ, ಇಎಫ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು) ಶೇ. 30. ಡಿಸ್ಚಾರ್ಜ್ ದಿನದ ತೂಕ 61.4 ಕೆಜಿ. ಟಾರ್ಸೆಮೈಡ್, ಸ್ಪೈರೊನೊಲ್ಯಾಕ್ಟೋನ್, ಸಾಕ್ಯುಬಿಟ್ರಿಲ್-ವಲ್ಸಾರ್ಟನ್, ಬಿಸೊಪ್ರೊಲಾಲ್, ಡಾಪಾಗ್ಲಿಫ್ಲೋಜಿನ್ ಮಾತ್ರೆಗಳು ನಡೀತಿವೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ತೂಕ ನೋಡಿ, ಉಪ್ಪು ಕಡಿಮೆ’ ಅಂತಷ್ಟೇ ಇದೆ. ಎಲ್ಲಿಂದ ಶುರು ಮಾಡಲಿ?

ಕಾರ್ಡಿಯಾಲಜಿ ನರ್ಸ್, ಮೈಸೂರು
ಬಿಪಿ ಯಂತ್ರ ಆಮೇಲೆ ತೆಗೀರಿ ಸಿಸ್ಟರ್, ಮೊದಲು ಮಾತ್ರೆ ಡಬ್ಬ. ಅಡ್ಮಿಟ್ ಆಗೋ ಮೊದಲಿನ ಸ್ಟ್ರಿಪ್‌ಗಳನ್ನೂ ಸೇರಿಸಿ ಎಲ್ಲವನ್ನೂ ಮಂಚದ ಮೇಲೆ ಸುರಿಸಿ. ಹಳೇ ರಾಮಿಪ್ರಿಲ್, ಎನಾಲಪ್ರಿಲ್ ಉಳಿದಿದ್ದರೆ ಅಲ್ಲೇ ಎತ್ತಿಡಿ. ಸಾಕ್ಯುಬಿಟ್ರಿಲ್‌ಗೂ ಆ ಹಳೇ ಮಾತ್ರೆಗಳಿಗೂ 36 ಗಂಟೆ ಅಂತರ ಇರಲೇಬೇಕು, ಇಲ್ಲದಿದ್ದರೆ ನಾಲಿಗೆ, ಗಂಟಲು ಊದಿ ಉಸಿರೇ ಕಟ್ಟಬಹುದು. ಒಂದೇ ನೀರಿನ ಮಾತ್ರೆ (ಟಾರ್ಸೆಮೈಡ್‌ನಂಥ, ಮೂತ್ರ ಹೆಚ್ಚಿಸುವ ಮಾತ್ರೆ) ಎರಡು ಕಂಪನಿ ಹೆಸರಲ್ಲಿ ನುಂಗುತ್ತಿರುತ್ತಾರೆ, ಅದನ್ನೂ ನೋಡಿ. ಮಂಡಿ ನೋವಿಗೆಂದು ಮೆಡಿಕಲ್ ಶಾಪಿಂದ ತಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಇದ್ದರೆ ಡಾಕ್ಟರಿಗೆ ತಿಳಿಸಿ ನಿಲ್ಲಿಸಿ. ಅವು ಉಪ್ಪು ನೀರು ಹಿಡಿದಿಟ್ಟು ಕಿಡ್ನಿಯನ್ನೂ ಕೆಡಿಸುತ್ತವೆ.

ಮನೆ ಆರೈಕೆ ನರ್ಸ್, ಮಂಗಳೂರು
ಡಬ್ಬದ ಮಾತು ಒಪ್ಪಿದೆ. ತೂಕದ ಬಗ್ಗೆ ಒಂದು ಸೇರಿಸ್ತೀನಿ: ಆ 61.4 ಆಸ್ಪತ್ರೆ ಯಂತ್ರದ್ದು, ಮನೆಯದ್ದು ಬೇರೆ ತೋರಿಸಬಹುದು. ಮನೆಗೆ ಬಂದ ಮೊದಲ ಬೆಳಿಗ್ಗೆಯ ತೂಕವನ್ನೇ ಲೆಕ್ಕದ ಬುಡ ಮಾಡಿಕೊಳ್ಳಿ. ಯಂತ್ರ ಚಾಪೆ ಮೇಲೆ ಬೇಡ, ಗಟ್ಟಿ ನೆಲದ ಮೇಲಿರಲಿ. ಮೂತ್ರಕ್ಕೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ದಿನಾ ಅದೇ ತರದ ಬಟ್ಟೆಯಲ್ಲಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಅಂದೇ ಫೋನ್. ಕಾಲು ಊದಲಿ ಎಂದು ಕಾಯಬೇಡಿ, ಊತ ತಡವಾಗಿ ಕಾಣುತ್ತೆ. ಮಲಗಿಯೇ ಇರುವವರಿಗೆ ನೀರು ಸೊಂಟದ ಹಿಂಭಾಗಕ್ಕೆ ಇಳಿದಿರುತ್ತೆ, ಅಲ್ಲಿ ಹೆಬ್ಬೆರಳಿಂದ ಒತ್ತಿ, ಗುಳಿ ಉಳಿಯುತ್ತಾ ನೋಡಿ. ‘ದಮ್ಮು ಇದೆಯಾ’ ಅಂದರೆ ಇಲ್ಲ ಅಂತಾರೆ. ‘ರಾತ್ರಿ ಎಷ್ಟು ದಿಂಬು’ ಅಂತ ಕೇಳಿ, ಚಪ್ಪಟೆ ಮಲಗಿದರೆ ದಮ್ಮು ಬರುವವರು ದಿಂಬು ಏರಿಸಿಕೊಳ್ಳುತ್ತಾರೆ.

ಕ್ಲಿನಿಕಲ್ ಡಯಟಿಷಿಯನ್, ಹುಬ್ಬಳ್ಳಿ
ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಸುಮಾರು ಒಂದು ಮಟ್ಟ ಟೀ ಚಮಚ. ಬೆಳಿಗ್ಗೆಯೇ ಪುಟ್ಟ ಬಟ್ಟಲಲ್ಲಿ ತೆಗೆದಿಡಲಿ, ಅವರ ಅಡುಗೆಗೆ ಅದರಿಂದಲೇ. ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಮಾತ್ರ ಈ ಲೆಕ್ಕ. ‘ಲೋ ಸೋಡಿಯಂ’ ಉಪ್ಪು ತರಿಸಬೇಡಿ: ಅದರಲ್ಲಿರೋದು ಪೊಟ್ಯಾಶಿಯಂ ಕ್ಲೋರೈಡ್. ಸ್ಪೈರೊನೊಲ್ಯಾಕ್ಟೋನ್ ಜೊತೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯದ ಬಡಿತ ತಪ್ಪಬಹುದು. ಎಳನೀರಿಗೂ ಇದೇ ಮಾತು, ಪಾಪ ಅದನ್ನು ಪ್ರೀತಿಯಿಂದ ತಂದುಕೊಡ್ತಾರೆ.

ಡಾಕ್ಟರ್ ಒಂದೂವರೆ ಲೀಟರ್ ಮಿತಿ ಹಾಕಿದ್ದರೆ ಅಷ್ಟು ನೀರು ಬಾಟಲಿಯಲ್ಲಿ ತುಂಬಿಡಿ. ಮಜ್ಜಿಗೆ, ಗಂಜಿ, ಸಾರು ಏನೇ ಕುಡಿದರೂ ಅಷ್ಟು ನೀರು ಬಾಟಲಿಯಿಂದ ಚೆಲ್ಲಿ. ಬಾಟಲಿ ಖಾಲಿ ಆದರೆ ಅಂದಿನ ಲೆಕ್ಕ ಮುಗಿಯಿತು.

ಪ್ರಶ್ನೆ ಕೇಳಿದವರು
ಬಿಪಿ 96/60 ಇದೆ. ಇವತ್ತಿನ ಮಾತ್ರೆ ತಡೆಯಲಾ?

ಕಾರ್ಡಿಯಾಲಜಿ ನರ್ಸ್, ಮೈಸೂರು
ಬರೀ ಅಂಕಿ ನೋಡಿ ತಡೆಯಬೇಡಿ, ಅದರಲ್ಲೂ ಬಿಸೊಪ್ರೊಲಾಲ್ ಥಟ್ಟನೆ ನಿಲ್ಲಿಸೋದಲ್ಲ. ಮಲಗಿಸಿ ಒಂದು ಸಲ, ಎದ್ದು ನಿಂತ ಮೇಲೆ 1 ನಿಮಿಷಕ್ಕೆ, 3 ನಿಮಿಷಕ್ಕೆ ಬಿಪಿ ನೋಡಿ. ಮೇಲಿನ ಅಂಕಿ 20 ಇಳಿದರೆ, ತಲೆ ಸುತ್ತಿದರೆ, ನಾಡಿ 50ಕ್ಕಿಂತ ಕಡಿಮೆ ಇದ್ದರೆ ಮುಂದಿನ ಡೋಸ್‌ಗೆ ಮುಂಚೆ ಡಾಕ್ಟರನ್ನು ಕೇಳಿ. ತೂಕವೂ ಇಳಿದಿದ್ದರೆ ನೀರು ಅತಿಯಾಗಿ ಹೋಗಿರಬಹುದು. ವಾಂತಿ, ಭೇದಿ ಇದ್ದ ದಿನ ಡಾಪಾಗ್ಲಿಫ್ಲೋಜಿನ್ ಮತ್ತು ನೀರಿನ ಮಾತ್ರೆ ಬಗ್ಗೆ ತಪ್ಪದೆ ಕೇಳಿ. ಪೊಟ್ಯಾಶಿಯಂ, ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವ) ರಕ್ತ ಪರೀಕ್ಷೆ 1–2 ವಾರದೊಳಗೆ ಆಗಬೇಕು, ಸಮ್ಮರಿಯಲ್ಲಿ ದಿನಾಂಕ ಇಲ್ಲದಿದ್ದರೆ ಈಗಲೇ ಕೇಳಿ ಬರೆದಿಡಿ. ಕೂತಲ್ಲೇ ಉಸಿರು ಸಾಲದೆ ನೊರೆ ಕಫ ಬಂದರೆ, ಪ್ರಜ್ಞೆ ತಪ್ಪಿದರೆ ಫೋನ್ ಡಾಕ್ಟರಿಗಲ್ಲ, 108ಕ್ಕೆ.