ಅಪ್‌ಡೇಟ್: ಅಪ್ರಾಪ್ತನಾಗಿದ್ದಾಗ ಮಾರಾಟವಾದ ಜಮೀನಿನ ದಾವೆ

ಅಜ್ಜ ಉಯಿಲಿನಲ್ಲಿ ನನ್ನ ಅಕ್ಕನ ಮಗನಿಗೆ ಬರೆದಿಟ್ಟಿದ್ದ ಜಮೀನನ್ನು, ಅವನು ಅಪ್ರಾಪ್ತನಾಗಿದ್ದಾಗ, ಅವನ ತಂದೆ ನ್ಯಾಯಾಲಯದ ಅನುಮತಿಯಿಲ್ಲದೆ ಮಾರಿದ್ದರು; ಈಗ 20 ತುಂಬಿರುವ ಅವನು ದಾವೆ ಹೂಡಬಹುದೇ ಎಂದು ನಿಮ್ಮನ್ನು ಕೇಳಿದ್ದೆ. ದಾವೆ ದಾಖಲಾಗಿದೆ, ಖರೀದಿದಾರರಿಗೆ ಸಮನ್ಸ್ ಹೋಗಿದೆ ಎಂದು ತಿಳಿಸಲು ಬಹಳ ಸಂತೋಷವಾಗುತ್ತಿದೆ.

ನೆರವಾದದ್ದು 1963ರ ಕಾಲಮಿತಿ ಕಾಯ್ದೆಯ 60ನೇ ಅನುಚ್ಛೇದವನ್ನು ನೋಡಿ ಎಂದವರ ಸಲಹೆ. ಪೋಷಕರು ಮಾಡಿದ ಮಾರಾಟವನ್ನು ರದ್ದುಪಡಿಸಲು 18 ತುಂಬಿದಂದಿನಿಂದ 3 ವರ್ಷ ಮಾತ್ರ ಇರುತ್ತದೆ. ಸ್ವಾಧೀನದ ದಾವೆಗೆ 12 ವರ್ಷವಿದೆ, ಅವಸರ ಬೇಡ ಎಂಬ ಸಲಹೆಯನ್ನು ವಕೀಲರು ಒಪ್ಪಲಿಲ್ಲ. ಏಕೆಂದರೆ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮಿನಂತೆ ಇಂತಹ ಕ್ರಯ ತಾನಾಗಿಯೇ ಶೂನ್ಯವಾಗುವುದಿಲ್ಲ, ಅಪ್ರಾಪ್ತನ ಕಡೆಯವರು ಪ್ರಶ್ನಿಸಿದರೆ ಮಾತ್ರ ರದ್ದಾಗುತ್ತದೆ. ವಿಳಂಬ ಮನ್ನಾ ಕೋರುವ ಸಲಹೆಯೂ ಫಲಿಸುವಂಥದ್ದಲ್ಲ, ಏಕೆಂದರೆ ಕಾಲಮಿತಿ ಕಾಯ್ದೆಯ 5ನೇ ಕಲಮು ಮೇಲ್ಮನವಿ ಮತ್ತು ಅರ್ಜಿಗಳಿಗೇ ಹೊರತು ದಾವೆಗಳಿಗೆ ಅನ್ವಯಿಸುವುದಿಲ್ಲ.

ನನಗೆ ಅಚ್ಚರಿ ತಂದದ್ದು ಅದೇ ಕಾಲಮಿತಿ ಕಾಯ್ದೆಯ 9ನೇ ಕಲಮು. ದಾವೆಯ ಹಕ್ಕು ಹುಟ್ಟುವಾಗಲೇ ಮಾನಸಿಕ ಅಸ್ವಸ್ಥತೆಯಿದ್ದವರಿಗೆ 6ನೇ ಕಲಮು ರಕ್ಷಣೆ ಕೊಡುತ್ತದೆ. ಆದರೆ ಕಾಲಮಿತಿ ಒಮ್ಮೆ ಆರಂಭವಾದ ಮೇಲೆ ಅಂತಹ ಅಸ್ವಸ್ಥತೆ ಉಂಟಾದರೆ ಎಣಿಕೆ ನಿಲ್ಲುವುದಿಲ್ಲ. ಅಂತಹವರು ಮನೆಯಲ್ಲಿದ್ದರೆ, ದಯವಿಟ್ಟು ಕಾಲಮಿತಿ ಆರಂಭವಾದ ದಿನಾಂಕವನ್ನು ಇಂದೇ ವಕೀಲರಿಗೆ ತೋರಿಸಿ.