ಶೆಡ್ಯೂಲರ್‌ನಲ್ಲಿ ಮೆಮೊರಿ ಸೋರಿಕೆ: ಫ್ರೀ ಮಾಡಬೇಕಾದದ್ದು ಎಲ್ಲಿ?

ಶಶಿ, ಹಾಸನ: ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮಳೆ ಅಳೆಯುವ ಬೋರ್ಡ್‌ಗಳಿಗೆ ಲಿನಕ್ಸ್ ಕರ್ನಲ್ ಹಾಕಿದ್ದೇವೆ. ಪ್ರತಿ ಟಾಸ್ಕ್‌ನ (ಓಡುವ ಕೆಲಸದ) ಸಿಪಿಯು ಲೆಕ್ಕ ಇಡಲು, ಟಾಸ್ಕ್‌ನ ವಿವರ ಹಿಡಿದಿಡುವ ಟಾಸ್ಕ್_ಸ್ಟ್ರಕ್ಟ್‌ಗೆ ಒಂದು ಪಾಯಿಂಟರ್ (ಮೆಮೊರಿ ವಿಳಾಸ) ಸೇರಿಸಿದೆ. ಫೋರ್ಕ್ ಆಗುವಾಗ, ಅಂದರೆ ಹೊಸ ಟಾಸ್ಕ್ ಹುಟ್ಟುವಾಗ, ಶೆಡ್ಯೂಲರ್ (ಸಿಪಿಯು ಸರದಿ ಹಂಚುವ ಭಾಗ) ಕರೆಯುವ ಸ್ಕೆಡ್_ಫೋರ್ಕ್‌ನಲ್ಲಿ 64 ಬೈಟ್ ಅಲೊಕೇಶನ್, ಟಾಸ್ಕ್ ಬದಲಾವಣೆ ಮುಗಿಸುವ ಫಿನಿಶ್_ಟಾಸ್ಕ್_ಸ್ವಿಚ್‌ನಲ್ಲಿ ಕೆಫ್ರೀ (ಮೆಮೊರಿ ಬಿಡುಗಡೆ). ಮೆಮೊರಿ ಲೆಕ್ಕ ತೋರಿಸುವ ಮೆಮ್‌ಇನ್ಫೋದ ಎಸ್‌ಅನ್‌ರಿಕ್ಲೇಮ್ (ಕರ್ನಲ್ ಮರಳಿ ಪಡೆಯಲಾಗದ ಮೆಮೊರಿ) ಏರುತ್ತಲೇ ಇದೆ, ಸೋರಿಕೆ ಹುಡುಕುವ ಕೆಮೆಮ್‌ಲೀಕ್‌ನ ವರದಿ ಮಾತ್ರ ಖಾಲಿ. ಹಾಗಾದರೆ ಸೋರಿಕೆ ಬೇರೆ ಕಡೆಯೇ?

ಪೂರ್ಣಿಮಾ, ಚಿಕ್ಕಮಗಳೂರು: ಕೆಮೆಮ್‌ಲೀಕ್ ಸುಮ್ಮನಿದೆ ಎಂದು ನಂಬಬೇಡಿ. ಡಿಮೆಸ್ಗ್‌ನಲ್ಲಿ (ಕರ್ನಲ್ ಸಂದೇಶಗಳಲ್ಲಿ) 'ಮೆಮೊರಿ ಪೂಲ್ ಎಂಪ್ಟಿ' ಇದೆಯೇ ನೋಡಿ. ಬೂಟ್ ಸಮಯದಲ್ಲೇ ಅದರ ಪೂಲ್ ಖಾಲಿಯಾದರೆ ಕೆಮೆಮ್‌ಲೀಕ್ ತಾನಾಗಿ ನಿಂತುಬಿಡುತ್ತದೆ. ಪೂಲ್ ಗಾತ್ರ ಡಿಫಾಲ್ಟ್ 16000, ಹೆಚ್ಚಿಸಿ. ಆ 64 ಬೈಟ್‌ಗೆ ಪ್ರತ್ಯೇಕ ಕೆಮೆಮ್_ಕ್ಯಾಶ್ (ಒಂದೇ ಅಳತೆಯ ತುಣುಕುಗಳ ಸಂಗ್ರಹ) ಮಾಡಿ, ಬೇರೆ ಸಂಗ್ರಹಗಳ ಜೊತೆ ಸೇರದಂತೆ ಸ್ಲ್ಯಾಬ್_ನೋಮರ್ಜ್ ಕೊಟ್ಟು ಬೂಟ್ ಮಾಡಿ. ಆಗ ಸಂಗ್ರಹಗಳ ಪಟ್ಟಿಯಾದ ಸ್ಲ್ಯಾಬ್‌ಇನ್ಫೋದಲ್ಲಿ ಅದರ ಹೆಸರಿನಲ್ಲೇ ಲೆಕ್ಕ ಸಿಗುತ್ತದೆ.

ರಂಗಸ್ವಾಮಿ, ಅರಸೀಕೆರೆ: ಅಳೆಯುವುದು ಸರಿ ಮೇಡಂ, ಆದರೆ ಕಾರಣ ಕೋಡ್‌ನಲ್ಲೇ ಕಾಣುತ್ತಿದೆ. ಫೋರ್ಕ್ ಅರ್ಧದಲ್ಲಿ ವಿಫಲವಾದರೆ ಆ ಟಾಸ್ಕ್ ಒಮ್ಮೆಯೂ ಓಡುವುದಿಲ್ಲ, ಹಾಗಾಗಿ ಫಿನಿಶ್_ಟಾಸ್ಕ್_ಸ್ವಿಚ್‌ಗೂ ಬರುವುದಿಲ್ಲ. ಸಿಗ್ರೂಪ್‌ನ (ಟಾಸ್ಕ್ ಗುಂಪಿನ) ಗರಿಷ್ಠ ಟಾಸ್ಕ್ ಸಂಖ್ಯೆಯಾದ ಪಿಡ್ಸ್.ಮ್ಯಾಕ್ಸ್ ಪರೀಕ್ಷೆ ಸ್ಕೆಡ್_ಫೋರ್ಕ್ ಆದಮೇಲೆ ನಡೆಯುತ್ತದೆ. ಮಿತಿ ಮುಟ್ಟಿದಾಗಲೆಲ್ಲ 64 ಬೈಟ್ ಹೋಯಿತು. ಜೊತೆಗೆ ಫಿನಿಶ್_ಟಾಸ್ಕ್_ಸ್ವಿಚ್‌ನಲ್ಲಿ ಪ್ರೀಎಂಪ್ಶನ್ (ಓಡುವ ಟಾಸ್ಕ್ ಅನ್ನು ನಡುವೆ ತಡೆಯುವುದು) ಬಂದ್ ಆಗಿರುತ್ತದೆ, ಪ್ರೀಎಂಪ್ಟ್_ಆರ್‌ಟಿ (ರಿಯಲ್‌ಟೈಮ್) ಕರ್ನಲ್‌ನಲ್ಲಿ ಅಲ್ಲಿ ಕೆಫ್ರೀ ಕರೆಯುವಂತೆಯೇ ಇಲ್ಲ.

ಶಶಿ, ಹಾಸನ: ಸರ್, ಕೆಫ್ರೀಯನ್ನು ಪುಟ್_ಟಾಸ್ಕ್_ಸ್ಟ್ರಕ್ಟ್ (ಕೊನೆಯ ಬಳಕೆದಾರ ಬಿಟ್ಟಾಗ ಟಾಸ್ಕ್ ಕಳಚುವ) ದಾರಿಗೆ ಸರಿಸಿದರೆ?

ರಂಗಸ್ವಾಮಿ, ಅರಸೀಕೆರೆ: ಸಾಲದು. ವಿಫಲ ಫೋರ್ಕ್ ಆ ದಾರಿಯನ್ನೂ ಬಿಟ್ಟು ನೇರ ಫ್ರೀ_ಟಾಸ್ಕ್‌ಗೆ (ಟಾಸ್ಕ್_ಸ್ಟ್ರಕ್ಟ್ ಬಿಡುಗಡೆ ಮಾಡುವ ಫಂಕ್ಷನ್) ಬರುತ್ತದೆ. ಎರಡೂ ದಾರಿ ಕೂಡುವುದು ಅಲ್ಲೇ, ಕೆಫ್ರೀ ಅಲ್ಲೇ ಇರಲಿ.

ಪೂರ್ಣಿಮಾ, ಚಿಕ್ಕಮಗಳೂರು: ಇಷ್ಟೇ ಮಾಡಿದರೆ ಸೋರಿಕೆಗಿಂತ ಕೆಟ್ಟದ್ದು ಕಾದಿದೆ! ಫೋರ್ಕ್‌ನ ಮೊದಲಲ್ಲೇ ಡಪ್_ಟಾಸ್ಕ್_ಸ್ಟ್ರಕ್ಟ್ ತಾಯಿ ಟಾಸ್ಕ್‌ನ (ಫೋರ್ಕ್ ಕರೆದದ್ದರ) ಸ್ಟ್ರಕ್ಟ್ ಅನ್ನು ಪೂರ್ತಿ ನಕಲು ಮಾಡುತ್ತದೆ, ಪಾಯಿಂಟರ್ ಸಮೇತ. ಆರ್‌ಲಿಮಿಟ್_ಎನ್‌ಪ್ರಾಕ್ (ಒಬ್ಬ ಬಳಕೆದಾರನ ಟಾಸ್ಕ್ ಮಿತಿ) ಪರೀಕ್ಷೆ ಸ್ಕೆಡ್_ಫೋರ್ಕ್‌ಗೆ ಮೊದಲೇ ಬರುತ್ತದೆ. ಅಲ್ಲಿ ವಿಫಲವಾದರೆ ಮಗುವಿನ ಹೆಸರಲ್ಲಿ ತಾಯಿಯ ಮೆಮೊರಿ ಫ್ರೀ ಆಗುತ್ತದೆ. ಡಪ್_ಟಾಸ್ಕ್_ಸ್ಟ್ರಕ್ಟ್‌ನಲ್ಲಿ ನಕಲಾದ ಕೂಡಲೇ ಪಾಯಿಂಟರ್ ನಲ್ (ಖಾಲಿ) ಮಾಡಲೇಬೇಕು.

ರಂಗಸ್ವಾಮಿ, ಅರಸೀಕೆರೆ: ಒಪ್ಪಿದೆ. ಆದರೂ ಪಾಯಿಂಟರ್ ಯಾಕೆ ಬೇಕು? ಎಲ್ಲ ಟಾಸ್ಕ್‌ಗೂ ಲೆಕ್ಕ ಬೇಕಿದ್ದರೆ 64 ಬೈಟ್ ಅನ್ನು ಟಾಸ್ಕ್_ಸ್ಟ್ರಕ್ಟ್ ಒಳಗೇ ಇಡಿ. ಕೆಲವು ಕೆಬಿ ಇರುವ ಸ್ಟ್ರಕ್ಟ್‌ಗೆ ಇದು ಭಾರವಲ್ಲ, ಫ್ರೀ ಮಾಡುವ ಪ್ರಶ್ನೆಯೇ ಇಲ್ಲ. ಸ್ಕೆಡ್_ಫೋರ್ಕ್‌ನಲ್ಲಿ ಸೊನ್ನೆ ಮಾಡಿದರಾಯಿತು.

ಪೂರ್ಣಿಮಾ, ಚಿಕ್ಕಮಗಳೂರು: ಎಲ್ಲ ಟಾಸ್ಕ್‌ಗೂ ಬೇಕಿದ್ದರೆ ಸರಿ. ಬೆರಳೆಣಿಕೆಯವಕ್ಕೆ ಮಾತ್ರವಾದರೆ ಪಾಯಿಂಟರೇ ಮೇಲು. ಬಳಕೆದಾರ ಕೇಳಿದ ಸಿಪಿಯುಗಳ ಪಟ್ಟಿಗೆ ಇರುವ ಯೂಸರ್_ಸಿಪಿಯುಸ್_ಪಿಟಿಆರ್ ಹಾಗೆಯೇ ಇದೆ, ಫ್ರೀ ಆಗುವುದೂ ಫ್ರೀ_ಟಾಸ್ಕ್‌ನಲ್ಲೇ. ಶಶಿ, ಸದ್ಯದ ಪ್ಯಾಚ್ ತೆಗೆಯುವ ಮೊದಲು ಪಿಡ್ಸ್.ಮ್ಯಾಕ್ಸ್ 20 ಇಟ್ಟು, ಮಿತಿ ತುಂಬಿಸಿ, 1 ಲಕ್ಷ ಸಲ ಫೋರ್ಕ್ ಕರೆಯಿರಿ. ಸುಮಾರು 6 ಎಂಬಿ ಏರಿ ಹಾಗೇ ನಿಂತರೆ ಕಾರಣ ಇದೇ. ತಿದ್ದಿದ ಮೇಲೆ ಕೆಸಾನ್ (ತಪ್ಪು ಮೆಮೊರಿ ಬಳಕೆ ಹಿಡಿಯುವ ಸಾಧನ) ಹಾಕಿದ ಕರ್ನಲ್‌ನಲ್ಲಿ ಅದನ್ನೇ ಆರ್‌ಲಿಮಿಟ್_ಎನ್‌ಪ್ರಾಕ್ ಮಿತಿಯಲ್ಲೂ ಓಡಿಸಿ. ರೂಟ್ ಆಗಿ ಬೇಡ, ರೂಟ್‌ಗೆ ಆ ಮಿತಿ ತಾಗುವುದಿಲ್ಲ.