ಸಹಾಯ ಬೇಕು: ಥೆರಪಿ ಸೆಷನ್ ಆದ್ಮೇಲಿನ ಕುಸಿತ, ವೇಗ ಯಾವಾಗ ತಗ್ಗಿಸಬೇಕು?

ಹಳೇ ಆಘಾತದ ಬಗ್ಗೆ ಸೈಕೋಥೆರಪಿ (ಮಾತುಕತೆಯ ಮೂಲಕ ಮನಸ್ಸಿನ ಚಿಕಿತ್ಸೆ) ನಡೀತಿರುವಾಗ ಸೆಷನ್ ಆದ್ಮೇಲೆ ಒಂದೆರಡು ದಿನ ಅಳು, ಸುಸ್ತು, ಕೆಟ್ಟ ಕನಸು ಬರೋದು ಸಾಮಾನ್ಯ. ಅದುಮಿಟ್ಟಿದ್ದನ್ನ ಕೆದಕಿದಾಗ ಹಾಗಾಗತ್ತೆ. ಸೆಷನ್‌ನ ಕೊನೇ 10 ನಿಮಿಷ ಹೊಸ ವಿಷಯ ತೆಗೀದೆ ಬರೀ ಉಸಿರಾಟಕ್ಕೆ ಬಿಡೋದು, ಮನಸ್ಸು ಈ ಕ್ಷಣಕ್ಕೆ ಬರ್ಲಿ ಅಂತ ಮನೇಲಿ ಕಾಣೋ 5 ವಸ್ತು, ಮುಟ್ಟೋ 4, ಕೇಳೋ 3 ಸದ್ದು ಹೆಸರಿಸೋದು, ದಿನಾ ನಿದ್ದೆಗೂ ಮನಸ್ಸಿಗೂ 0ಯಿಂದ 10ರೊಳಗೆ ಅಂಕ (ಹೆಚ್ಚಿದ್ರೆ ಚೆನ್ನಾಗಿದೆ ಅಂತ) ಬರೆಯೋದು, ಎಲ್ಲಾ ಮಾಡಿ ನೋಡಿದ್ದಾಯ್ತು. (ಸಾಯೋ ಯೋಚನೆ ಬಂದ್ರೆ ಕಾಯೋ ಮಾತೇ ಇಲ್ಲ, ತಕ್ಷಣ ತುರ್ತು ನೆರವು ಬೇಕು.)

ತೊಡಕಿರೋದು ಇಲ್ಲಿ: ಮುಂದಿನ ಸೆಷನ್ ಬಂದ್ರೂ ಅಂಕ ಮೇಲೇಳ್ತಿಲ್ಲ, ಆದ್ರೆ ಊಟ, ಕೆಲಸ ನಡೀತಿದೆ. ಇಂಥಾಗ ಥೆರಪಿಸ್ಟ್ ಹತ್ರ ಹಳೇ ಆಘಾತ ಕೆದಕೋ ವೇಗ ತಗ್ಗಿಸಿ ಅಂತ ಕೇಳಬೇಕಾ, ಇಲ್ಲಾ ಇನ್ನೂ ಕೆಲವು ಸೆಷನ್ ನೋಡಬೇಕಾ? ಯಾವ ಲಕ್ಷಣ ನೋಡಿ ತೀರ್ಮಾನ ಮಾಡ್ತೀರಿ?